ನೋವಿಗೆ ಕರೆಂಟು: ಮೈಗೆ ಅಂಟಿಸಿಕೊಳ್ಳುವ ಟೆನ್ಸ್ ಸಾಧನಗಳಲ್ಲಿ ಯಾವುದು ಯಾರಿಗೆ?

ಫಿಸಿಯೋಥೆರಪಿಗೆ ಹೋಗಿಬಂದವರು ನಮ್ಮ ಕಡೆ "ಕರೆಂಟ್ ಕೊಡಿಸಿಕೊಂಡು ಬಂದೆ" ಅನ್ನುತ್ತಾರೆ. ಅಮ್ಮನೂ ಹಾಗೇ ಅನ್ನುತ್ತಿದ್ದಳು. ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿದ ಮೇಲೆ ಹತ್ತು ದಿನ ಆಟೋ ಮಾಡಿಕೊಂಡು ಹೋಗಿ, ಇಪ್ಪತ್ತು ನಿಮಿಷ ಮಲಗಿ, ಕರೆಂಟ್ ಕೊಡಿಸಿಕೊಂಡು ಬರುತ್ತಿದ್ದಳು. ವಾಪಸು ಬಂದು ಮನೆ ಮೆಟ್ಟಿಲು ಹತ್ತುವಷ್ಟರಲ್ಲಿ ನೋವು ಮತ್ತೆ ಹಾಜರ್. "ಆ ಮಷೀನನ್ನೇ ಮನೆಗೆ ತಂದರೆ ಆಟೋ ದುಡ್ಡಾದರೂ ಉಳೀತದಲ್ಲೋ" ಅಂದಳು ಒಂದು ದಿನ.

ತರಲು ಹೊರಟಾಗ ಗೊತ್ತಾಯಿತು, "ಆ ಮಷೀನು" ಅನ್ನುವುದು ಒಂದಲ್ಲ. ಕ್ಲಿನಿಕ್ಕುಗಳಲ್ಲಿ ಹೆಚ್ಚಾಗಿ ಕೊಡುವುದು ಐಎಫ್‌ಟಿ. ಸುಮಾರು 4000 ಹರ್ಟ್ಸಿನ ಎರಡು ಪ್ರವಾಹಗಳನ್ನು ಅಡ್ಡಡ್ಡ ಹಾಯಿಸಿ, ಅವು ಕೂಡುವ ಜಾಗದಲ್ಲಿ ಬೇಕಾದ ಮಿಡಿತ ಹುಟ್ಟಿಸುವ ಪೆಟ್ಟಿಗೆ ಅದು. ಮನೆಗೆಂದು ಮಾರುವ, ಜೇಬಿಗೆ ಹಿಡಿಸುವ ಸಾಧನ ಟೆನ್ಸ್. ಚರ್ಮದ ಮೇಲಿನಿಂದಲೇ ನರಕ್ಕೆ ಸಣ್ಣ ಸಣ್ಣ ವಿದ್ಯುತ್ ಮಿಡಿತ ಕೊಡುತ್ತದೆ. ಅದೇ ಅಂಗಡಿಯಲ್ಲಿ, ಅದೇ ಥರದ ಡಬ್ಬದಲ್ಲಿ ಇಎಂಎಸ್ ಕೂಡ ಇರುತ್ತದೆ. ಅದರ ಕೆಲಸ ಸ್ನಾಯುವನ್ನು ಬಿಗಿಸಿ ಸಡಿಲಿಸಿ ಬಲ ಬರಿಸುವುದು, ನೋವು ಕಳೆಯುವುದಲ್ಲ. ಇನ್ನು ಮೈಕ್ರೋಕರೆಂಟ್ ಎಂಬುದು ಒಂದು ಮಿಲಿಆಂಪಿಯರಿಗೂ ಕಡಿಮೆ. ಹಾಕಿಕೊಂಡರೆ ಏನೂ ಗೊತ್ತಾಗುವುದಿಲ್ಲ. ಚಿಟ್ಟೆಯ ಆಕಾರದ ಅಗ್ಗದ "ಮಿನಿ ಮಸಾಜರ್"ಗಳ ವಿಷಯಕ್ಕೆ ಹೆಚ್ಚು ಹೊತ್ತು ಕಳೆಯುವುದು ಬೇಡ. ಡಬ್ಬದ ಮೇಲಾಗಲಿ ಒಳಗಿನ ಚೀಟಿಯಲ್ಲಾಗಲಿ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಮಿಡಿತ), ಮೈಕ್ರೋಸೆಕೆಂಡ್ (ಒಂದು ಮಿಡಿತ ಎಷ್ಟು ಹೊತ್ತು), ಮಿಲಿಆಂಪಿಯರ್ (ಎಷ್ಟು ಜೋರು) ಮೂರನ್ನೂ ಹೇಳದ ಸಾಧನವನ್ನು ಅಲ್ಲೇ ಕೆಳಗಿಡಿ.

ಕರೆಂಟು ಒಳಗೆ ಹೋಗಿ ಮಾಡುವುದೇನು?

ಮಗು ಬಿದ್ದು ಮೊಣಕೈ ತಾಗಿಸಿಕೊಂಡರೆ ಮೊದಲು ಉಜ್ಜುತ್ತೇವಲ್ಲ, ಟೆನ್ಸ್ ಮಾಡುವುದು ಬಹುಪಾಲು ಅದನ್ನೇ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮುಂದಿಟ್ಟ "ಗೇಟ್" ಸಿದ್ಧಾಂತದ ತಿರುಳು ಇಷ್ಟು: ಸ್ಪರ್ಶದ ಸುದ್ದಿ ಒಯ್ಯುವ ದಪ್ಪ ನರತಂತುಗಳು ಚುರುಕಾದರೆ, ನೋವಿನ ಸುದ್ದಿ ಒಯ್ಯುವ ತೆಳು ತಂತುಗಳಿಗೆ ಬೆನ್ನುಹುರಿಯಲ್ಲಿ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ. 80ರಿಂದ 120 ಹರ್ಟ್ಸಿನ ಆಸುಪಾಸಿನಲ್ಲಿ, ಇರುವೆ ಹರಿದಾಡಿದಂತೆ ಜುಮುಜುಮು ಎನ್ನುವ ಮಾಮೂಲಿ ಟೆನ್ಸ್ ಈ ದಾರಿಯದು. ಹಾಕಿಕೊಂಡಿರುವಾಗ ನೋವು ಇಳಿಯುತ್ತದೆ, ತೆಗೆದ ಮೇಲೆ ಬೇಗ ಮರಳುತ್ತದೆ.

ಇನ್ನೊಂದು ಬಗೆ 2ರಿಂದ 4 ಹರ್ಟ್ಸಿನದು. ಒಂದೊಂದೇ ಮಿಡಿತ, ಸ್ನಾಯು ಟಕ್ ಟಕ್ ಎಂದು ಎಗರುವಷ್ಟು ಜೋರು. ಇದರಲ್ಲಿ ಮೈಯೊಳಗಿನ ನೋವುಶಾಮಕಗಳ ಪಾಲು ಹೆಚ್ಚು. ಪರಿಣಾಮ ನಿಧಾನಕ್ಕೆ ಬರುತ್ತದೆ, ತೆಗೆದ ಮೇಲೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ಓಪಿಯಾಯ್ಡ್ (ಮಾರ್ಫಿನ್ ಥರದ ಬಲವಾದ ನೋವಿನ) ಮಾತ್ರೆಗಳನ್ನು ಬಹಳ ಕಾಲದಿಂದ ನುಂಗುತ್ತಿರುವವರಿಗೆ ಈ ನಿಧಾನದ ಬಗೆ ಅಷ್ಟಾಗಿ ನಾಟುವುದಿಲ್ಲ, ಏಕೆಂದರೆ ಎರಡೂ ತಟ್ಟುವುದು ಒಂದೇ ಬಾಗಿಲನ್ನು. ಅವರು ವೇಗದ ಬಗೆಯನ್ನು ನೋಡಬೇಕು. ಆದ್ದರಿಂದ ಸಾಧನದಲ್ಲಿ ಈ ಎರಡು ಬಗೆ ಇದ್ದರೆ ಸಾಕು. "24 ಮೋಡ್", "36 ಮೋಡ್" ಎಂದು ದೊಡ್ಡಕ್ಷರದಲ್ಲಿ ಬರೆದಿರುವುದರಲ್ಲಿ ಹೆಚ್ಚಿನವು ಇವೆರಡರ ಮಿಶ್ರಣ, ಜೊತೆಗೆ ಗುದ್ದಿದಂತೆ, ತಟ್ಟಿದಂತೆ, ನಾದಿದಂತೆ ಅನ್ನಿಸುವ ಮಸಾಜ್ ಚಿತ್ರಗಳು. ಅಮ್ಮ ಅಷ್ಟನ್ನೂ ಒಂದೊಂದು ಸಲ ಒತ್ತಿ ನೋಡಿ, ಆಮೇಲೆ ಒಂದನ್ನು ಬಿಟ್ಟು ಬೇರೆಯದರ ಗೊಡವೆಗೆ ಹೋಗಿಲ್ಲ.

ಫಿಲ್ಟರ್ ಕಾಫಿಯವರಿಗೆ ಒಂದು ಕೆಟ್ಟ ಸುದ್ದಿಯೂ ಇದೆ. 1995ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಪುಟ್ಟ ಪ್ರಯೋಗದಲ್ಲಿ, 200 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರಲ್ಲಿ ಟೆನ್ಸಿನ ನೋವು ಇಳಿಸುವ ಗುಣ ಮಂಕಾಗಿತ್ತು. ಪುಟ್ಟ ಪ್ರಯೋಗವೇ ಸರಿ. ಆದರೂ ಗಟ್ಟಿ ಡಿಕಾಕ್ಷನ್ನಿನ ಎರಡು ಲೋಟ ಇಳಿಸಿ, ತಕ್ಷಣ ಪ್ಯಾಡ್ ಅಂಟಿಸಿಕೊಂಡು "ಏನೂ ಆಗಲಿಲ್ಲ" ಅನ್ನುವ ಮೊದಲು ಒಂದು ದಿನ ಕಾಫಿಯನ್ನು ಆಮೇಲಕ್ಕೆ ಇಟ್ಟುಕೊಂಡು ನೋಡಬಹುದು.

ನಂಬಬಹುದೇ?

ಅರ್ಧ ನಂಬಬಹುದು. 381 ಪ್ರಯೋಗಗಳನ್ನು ಕೂಡಿಸಿ ನೋಡಿದ, 2022ರಲ್ಲಿ ವೈದ್ಯಕೀಯ ಪತ್ರಿಕೆ ಬಿಎಂಜೆ ಓಪನ್‌ನಲ್ಲಿ ಬಂದ ವಿಶ್ಲೇಷಣೆ ಹೇಳಿದ್ದು, ಹಾಕಿಕೊಂಡಿರುವಾಗ ಮತ್ತು ತೆಗೆದ ಕೂಡಲೇ ನೋವಿನ ತೀವ್ರತೆ ನೋಡಲು ನಿಜದಂತೆಯೇ ಇರುವ ಹುಸಿ ಸಾಧನಕ್ಕಿಂತ ಕಡಿಮೆ ಇರುತ್ತದೆ ಎಂದು. ಅತ್ತ ಯಾವ ಚಿಕಿತ್ಸೆ ಕೊಡಬೇಕೆಂದು ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟ ನೋವಿಗೂ, 2022ರಲ್ಲಿ ಕೀಲು ಸವೆತಕ್ಕೂ ಟೆನ್ಸ್ ಕೊಡಬೇಡಿ ಎಂದಿತು. ಎರಡನ್ನೂ ಓದಿದವರಿಗೆ ತಲೆ ಕೆಡುವುದು ಸಹಜ. ಪ್ರಶ್ನೆಗಳು ಬೇರೆ ಬೇರೆ ಎಂದು ನನಗೆ ಅನ್ನಿಸುತ್ತದೆ. ಒಂದು ಕೇಳುತ್ತಿರುವುದು "ಈ ಒಂದು ಗಂಟೆ ನೋವು ಇಳಿಯುತ್ತದೆಯೇ", ಇನ್ನೊಂದು ಕೇಳುತ್ತಿರುವುದು "ಸರ್ಕಾರದ ದುಡ್ಡಿನಲ್ಲಿ ಕೊಡುವಷ್ಟು ಬಹುಕಾಲದ ಲಾಭ ಇದೆಯೇ". ಹಳೆಯ ಪ್ರಯೋಗಗಳಲ್ಲಿ ಕೆಲವು ತೀರಾ ಕಡಿಮೆ ಜೋರಿನಲ್ಲಿ ಕೊಟ್ಟು, ಮಲಗಿಸಿ, ನೋವು ಅಳೆದಂಥವು. ಜೋರು ಸಾಲದಿದ್ದರೆ ಟೆನ್ಸ್ ಕೆಲಸ ಮಾಡುವುದಿಲ್ಲ ಎಂಬುದು ಈಗ ಹೆಚ್ಚುಕಡಿಮೆ ಎಲ್ಲರೂ ಒಪ್ಪುವ ಮಾತು.

ನನ್ನ ಕಣ್ಣು ತೆರೆಸಿದ್ದು 2020ರಲ್ಲಿ ಪ್ರಕಟವಾದ ಅಮೆರಿಕದ ಫಾಸ್ಟ್ ಪ್ರಯೋಗ. ಫೈಬ್ರೊಮಯಾಲ್ಜಿಯ (ಮೈಯೆಲ್ಲ ಬಹುಕಾಲ ನೋಯುವ ಕಾಯಿಲೆ) ಇರುವ 301 ಹೆಂಗಸರು, ನಾಲ್ಕು ವಾರ, ದಿನಕ್ಕೆ ಎರಡು ಗಂಟೆ. ಮಲಗಿಕೊಂಡಲ್ಲ, ಓಡಾಡುತ್ತ, ಕೆಲಸ ಮಾಡುತ್ತ. ನಿಜವಾದ ಟೆನ್ಸ್ ಹಾಕಿಕೊಂಡವರಲ್ಲಿ ಚಲನೆಯ ಹೊತ್ತಿನ ನೋವು ಹುಸಿ ಟೆನ್ಸಿನವರಿಗಿಂತಲೂ ಏನೂ ಹಾಕಿಕೊಳ್ಳದವರಿಗಿಂತಲೂ ಚೆನ್ನಾಗಿ ಇಳಿದಿತ್ತು. ಅಮ್ಮ ಕ್ಲಿನಿಕ್ಕಿನಲ್ಲಿ ಮಾಡುತ್ತಿದ್ದದ್ದು ಇದರ ತಿರುಗಾಮುರುಗಾ: ನೋವಿಲ್ಲದ ಭಂಗಿಯಲ್ಲಿ ಮಲಗಿ ಕರೆಂಟು, ಕರೆಂಟು ತೆಗೆದ ಮೇಲೆ ಮೆಟ್ಟಿಲು. ಹಾಗಾಗಿ ಸಾಧನ ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಯಾವ ಕೆಲಸ ಮಾಡುವಾಗ ನೋವು, ಆ ಕೆಲಸ ಮಾಡುತ್ತ ಇದನ್ನು ತೊಟ್ಟಿರಲು ಆಗುತ್ತದೆಯೇ?

ವೈರಿನದೋ, ವೈರಿಲ್ಲದ್ದೋ

ಎರಡು ಚಾನೆಲ್ (ಒಂದೊಂದು ಜೋಡಿ ಪ್ಯಾಡಿಗೆ ಒಂದೊಂದು ಕರೆಂಟಿನ ದಾರಿ), ನಾಲ್ಕು ಪ್ಯಾಡ್, ಮೊಬೈಲಿಗಿಂತ ಚಿಕ್ಕ ಡಬ್ಬಿ: ಇದು ಹಳೆಯ ಜಾತಿ. ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ನೋಡಲು ಚೆಂದವಿಲ್ಲ, ವೈರು ಸೀರೆಯ ನೆರಿಗೆಗೆ ಸಿಕ್ಕಿಕೊಳ್ಳುತ್ತದೆ, ಬಾಗಿಲ ಚಿಲಕಕ್ಕೂ ಸಿಕ್ಕಿಕೊಳ್ಳುತ್ತದೆ. ಆದರೆ ಮಂಡಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಚಿಪ್ಪಿನ ಮೇಲೆ ಎರಡು, ಕೆಳಗೆ ಎರಡು ಪ್ಯಾಡ್ ಹಾಕಿ, ಎರಡು ಚಾನೆಲನ್ನು ಕತ್ತರಿಯಂತೆ ಅಡ್ಡ ಮಾಡಿದರೆ ನೋವಿನ ಜಾಗ ನಡುವೆ ಸಿಕ್ಕುತ್ತದೆ. ಸೊಂಟಕ್ಕಾದರೆ ಬೆನ್ನುಮೂಳೆಯ ಎರಡೂ ಬದಿಗೆ ಒಂದೊಂದು ಜೋಡಿ, ಮೂಳೆಯ ಮೇಲೆಯೇ ಅಲ್ಲ. ಎರಡು ಚಾನೆಲಿನ ಜೋರನ್ನೂ ಬೇರೆ ಬೇರೆ ಇಡಬಹುದಾದದ್ದನ್ನೇ ಕೊಳ್ಳಿ. ಒಂದೇ ಗುಂಡಿಯಿಂದ ಎರಡೂ ಏರುವ ಸಾಧನದಲ್ಲಿ ಒಂದು ಕಡೆ ಸಾಲುವುದಿಲ್ಲ, ಇನ್ನೊಂದು ಕಡೆ ಚುಚ್ಚುತ್ತದೆ.

ವೈರಿಲ್ಲದ ಪ್ಯಾಡು ಅಂಗಿಯೊಳಗೆ ಅಂಟಿಕೊಂಡು ಕಾಣದಂತೆ ಇರುತ್ತದೆ. ಬಸ್ಸಿನಲ್ಲಿ, ಆಫೀಸಿನಲ್ಲಿ, ನಿಂತು ಪಾಠ ಮಾಡುವ ಟೀಚರಿಗೆ, ಗಿರಾಕಿಯೆದುರು ಕೂತಿರುವವರಿಗೆ ಇದೇ ಸರಿ. ಮೂರು ವಿಷಯ ನೋಡಿಕೊಳ್ಳಿ. ಜೋರು ಏರಿಸುವ ಗುಂಡಿ ಪ್ಯಾಡಿನ ಮೇಲೇ ಇದ್ದರೆ, ಸೊಂಟಕ್ಕೆ ಅಂಟಿಸಿಕೊಂಡಾಗ ಬೆನ್ನ ಹಿಂದೆ ಕೈ ತಿರುಚಿ ತಡಕಾಡಬೇಕು. ಬೇರೆ ರಿಮೋಟು ಇರಬೇಕು. ಮೊಬೈಲ್ ಆ್ಯಪ್ ಇಲ್ಲದೆ ಅಲುಗಾಡದ ಸಾಧನವಾದರೆ, ಆ್ಯಪ್ ನಿಂತ ದಿನ ಸಾಧನವೂ ನಿಂತಿತು. ಮತ್ತೆ ಇದು ಕವರ್ ಮಾಡುವ ಜಾಗ ಚಿಕ್ಕದು. ಸೊಂಟದಿಂದ ತೊಡೆಯ ಹಿಂಭಾಗಕ್ಕೆ ಇಳಿಯುವ ಸಿಯಾಟಿಕಾದಂಥ ನೋವಿಗೆ ಒಂದು ಪ್ಯಾಡು ಎಲ್ಲಿಗೂ ಸಾಲದು.

ಬೆಲ್ಟು, ಮಂಡಿಚೀಲದ ಥರದವು ತೊಡಲು ಸುಲಭ. ಒಳಗಿನ ಬಟ್ಟೆಯೇ ವಿದ್ಯುತ್ ಹಾಯಿಸುವಂಥದ್ದಾದರೆ ಪ್ರತಿಸಲ ನೀರು ಚಿಮುಕಿಸಿಯೋ ಜೆಲ್ ಹಚ್ಚಿಯೋ ಹಾಕಿಕೊಳ್ಳಬೇಕು. ಬೆರಳು ಗಂಟುಕಟ್ಟಿ ಪ್ಯಾಡಿನ ಪ್ಲಾಸ್ಟಿಕ್ ಸುಲಿಯಲಾಗದ ಹಿರಿಯರಿಗೆ ಇದು ಉಪಕಾರಿ. ಬಿಸಿಯನ್ನೂ ಕರೆಂಟನ್ನೂ ಒಟ್ಟಿಗೆ ಕೊಡುವ ಸಾಧನಗಳಿವೆ, ಓಮ್ರಾನ್ ಕಂಪನಿಯ ಹೀಟ್‌ಟೆನ್ಸ್ ಅಂಥದು. ಬಿಸಿ ಹಿತ ಅನ್ನಿಸುವವರಿಗೆ ಚೆನ್ನ, ಬಿಸಿನೀರಿನ ಬ್ಯಾಗು ಮನೆಯಲ್ಲಿದ್ದವರಿಗೆ ಅಷ್ಟು ಅಗತ್ಯವಿಲ್ಲ.

ಇನ್ನು ಮೀನಖಂಡಕ್ಕೆ ಕಟ್ಟಿಕೊಳ್ಳುವ ಪಟ್ಟಿ. ಅಮೆರಿಕದ ನ್ಯೂರೊಮೆಟ್ರಿಕ್ಸ್ ಕಂಪನಿಯ ಕ್ವೆಲ್ ಇದಕ್ಕೆ ಹೆಸರಾದದ್ದು. ಮಂಡಿಯ ಕೆಳಗೆ ಕಟ್ಟಿದರೆ ಮೈಯಲ್ಲಿ ಎಲ್ಲಿದ್ದರೂ ನೋವು ಕಡಿಮೆಯಾಗುತ್ತದೆ ಎಂದು ಜಾಹೀರಾತು ಕೊಟ್ಟದ್ದಕ್ಕೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹಿಡಿಯಿತು. 2020ರಲ್ಲಿ ಕಂಪನಿ ಕನಿಷ್ಠ 40 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡು ವರ್ಷದ ನಂತರ, 2022ರಲ್ಲಿ, ಫೈಬ್ರೊಮಯಾಲ್ಜಿಯದ ಲಕ್ಷಣಗಳಿಗೆ ಅಂತ ಅದೇ ಕ್ವೆಲ್‌ಗೆ ಅಲ್ಲಿನ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಕ ಎಫ್‌ಡಿಎ ಅನುಮತಿ ಕೊಟ್ಟಿತು. ಒಂದೇ ಸಾಧನ, ಒಂದು ಮಾತಿಗೆ ದಂಡ, ಇನ್ನೊಂದು ಮಾತಿಗೆ ಒಪ್ಪಿಗೆ. ಇಲ್ಲಿ "ಒಂದು ಕಡೆ ಹಾಕಿ, ಇಡೀ ಮೈ ಹಗುರ" ಎಂಬ ಜಾಹೀರಾತು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಅರೆತಲೆನೋವಿಗೆ ಬೇರೆಯೇ ದಾರಿ

ಮಂಡಿಯ ಟೆನ್ಸನ್ನು ಹಣೆಗೆ ಅಂಟಿಸಿಕೊಳ್ಳುವ ಸಾಹಸ ಮಾತ್ರ ಬೇಡ. ಮೈಗ್ರೇನಿಗೆಂದೇ ಮಾಡಿದ ಸಾಧನಗಳ ಮಿಡಿತ, ಜೋರು, ಜಾಗ ಎಲ್ಲ ಬೇರೆ.

ಸೆಫಾಲಿ ಎಂಬ ಸಾಧನ ಹುಬ್ಬುಗಳ ನಡುವೆ, ಹಣೆಯ ಮೇಲೆ ಕೂರುತ್ತದೆ. ಕಣ್ಣಿನ ಮೇಲ್ಭಾಗದಿಂದ ಹಣೆಗೆ ಹರಡುವ ನರಕ್ಕೆ ಮಿಡಿತ ಕೊಡುತ್ತದೆ. 2014ರಲ್ಲಿ ಎಫ್‌ಡಿಎ ಅನುಮತಿ ಪಡೆದಾಗ, ನೋವು ಬರುವ ಮೊದಲೇ ಬಳಸಲು ಒಪ್ಪಿಗೆ ಸಿಕ್ಕ ಮೊದಲ ಟೆನ್ಸ್ ಇದೇ. ತಡೆಯಲು ದಿನಕ್ಕೆ 20 ನಿಮಿಷ, ನೋವು ಬಂದಾಗ 60 ನಿಮಿಷ. 67 ಜನರ ಮೇಲೆ ಮೂರು ತಿಂಗಳು ನಡೆದ ಪ್ರಯೋಗದಲ್ಲಿ, ಮೈಗ್ರೇನ್ ದಿನಗಳು ಅರ್ಧಕ್ಕಾದರೂ ಇಳಿದವರು ನಿಜವಾದ ಸಾಧನದಲ್ಲಿ ಶೇ. 38.1, ಹುಸಿ ಸಾಧನದಲ್ಲಿ ಶೇ. 12.1. ಹತ್ತರಲ್ಲಿ ಆರು ಜನರಿಗೆ ಅಷ್ಟರ ಮಟ್ಟಿನ ಗುಣ ಕಾಣಲಿಲ್ಲ ಎಂದೂ ಅದನ್ನೇ ಓದಬಹುದು.

ನೆರಿವಿಯೊ ಎಂಬ ಇನ್ನೊಂದು ಸಾಧನ ತಲೆಗೆ ಮುಟ್ಟುವುದೇ ಇಲ್ಲ, ರಟ್ಟೆಗೆ ಕಟ್ಟುತ್ತಾರೆ. ತಲೆನೋವಿಗೆ ತೋಳೇಕೆ? ಒಂದು ಕಡೆಯ ಪ್ರಚೋದನೆ ಇನ್ನೊಂದು ಕಡೆಯ ನೋವನ್ನು ತಗ್ಗಿಸುವ ವ್ಯವಸ್ಥೆ ಮಿದುಳುಕಾಂಡದಲ್ಲಿದೆ, ಅದನ್ನು ಎಬ್ಬಿಸುವ ಲೆಕ್ಕಾಚಾರ. ಇಸ್ರೇಲಿನ ಥೆರಾನಿಕಾ ಕಂಪನಿಯದು, 2019ರಲ್ಲಿ ಎಫ್‌ಡಿಎ ಒಪ್ಪಿಗೆ. ನೋವು ಶುರುವಾದ ಒಂದು ಗಂಟೆಯೊಳಗೆ ಹಾಕಿಕೊಂಡು 45 ನಿಮಿಷ ಇಡಬೇಕು, ಜೋರು ಮೊಬೈಲಿನಿಂದ. 252 ಜನರ ಪ್ರಯೋಗದಲ್ಲಿ ಎರಡು ಗಂಟೆಯ ಹೊತ್ತಿಗೆ ನೋವು ತಗ್ಗಿದವರು ಶೇ. 66.7, ಹುಸಿಯಲ್ಲಿ ಶೇ. 38.8. ಭಾರತಕ್ಕೆ ಇದನ್ನು 2023ರಲ್ಲಿ ಡಾ. ರೆಡ್ಡೀಸ್ ತಂದಿತು. ಒಂದು ಪಟ್ಟಿಗೆ ಇಂತಿಷ್ಟೇ ಸಲ ಎಂಬ ಲೆಕ್ಕ. ಮುಗಿದರೆ ಹೊಸದು ಕೊಳ್ಳಬೇಕು. ತಿಂಗಳಿಗೆ ಎರಡು ಸಲ ಬರುವವರಿಗೂ ಹನ್ನೆರಡು ಸಲ ಬರುವವರಿಗೂ ಖರ್ಚು ಅಜಗಜಾಂತರ, ನಿಮ್ಮ ತಿಂಗಳ ಲೆಕ್ಕ ಇಟ್ಟುಕೊಂಡೇ ನರರೋಗ ತಜ್ಞರ ಹತ್ತಿರ ಹೋಗಿ.

ಆಫೀಸಿನಲ್ಲಿ ಹಣೆಗೆ ಸಾಧನ ಅಂಟಿಸಿಕೊಂಡು ಕೂರಲು ಮುಜುಗರವಾದರೆ ತೋಳಿನದು. ಮೊಬೈಲ್ ಪರದೆಯ ಬೆಳಕೇ ಸಹಿಸದ ಮೈಗ್ರೇನಾದರೆ ಆ್ಯಪ್ ಬೇಡದ ಹಣೆಯದು.

ಮುಟ್ಟಿನ ಹೊಟ್ಟೆನೋವು

ಇಲ್ಲಿ ಟೆನ್ಸ್ ಸ್ವಲ್ಪ ಧೈರ್ಯವಾಗಿ ತಲೆಯೆತ್ತಬಹುದು. ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2024ರ ವಿಮರ್ಶೆ, ವೇಗದ ಬಗೆಯೂ ನಿಧಾನದ ಬಗೆಯೂ ನೋವು ಇಳಿಸಬಹುದು ಎಂದಿದೆ. ಕಿಬ್ಬೊಟ್ಟೆಗೆ ಒಂದು ಜೋಡಿ, ಅಥವಾ ಅದೇ ಮಟ್ಟದಲ್ಲಿ ಸೊಂಟಕ್ಕೆ. "ಪೀರಿಯಡ್ ಪೇನ್" ಎಂದು ಗುಲಾಬಿ ಬಣ್ಣ ಬಳಿದು ದುಪ್ಪಟ್ಟು ದರಕ್ಕೆ ಮಾರುವ ಪುಟ್ಟ ಸಾಧನದೊಳಗೆ ಇರುವುದೂ ಟೆನ್ಸೇ. ಉಡುಪಿನೊಳಗೆ ಅಡಗುತ್ತದೆ ಎಂಬುದಕ್ಕೆ ಆ ಹೆಚ್ಚಿನ ದುಡ್ಡು, ಬೇರೆ ಯಾವುದಕ್ಕೂ ಅಲ್ಲ. ಕಾಲೇಜಿಗೆ ಹೋಗುವ ಹುಡುಗಿಗೆ ಅದೂ ದೊಡ್ಡದೇ ಅನ್ನಿ. ಬಸುರಿ ಇರಬಹುದೆಂಬ ಅನುಮಾನವಿದ್ದರೂ ಹೊಟ್ಟೆಗೆ, ಸೊಂಟಕ್ಕೆ ಹಾಕಬಾರದು.

ದುಡ್ಡು ಹೋಗುವುದು ಪ್ಯಾಡಿಗೆ

ಸಾಧನದ ದರ ನೋಡಿ ಕೊಂಡವರು ಮೂರನೇ ತಿಂಗಳಿಗೆ ಪೇಚಾಡುವುದು ಇಲ್ಲಿ. ಅಂಟುವ ಜೆಲ್ ಪ್ಯಾಡು ಚೆನ್ನಾಗಿ ನೋಡಿಕೊಂಡರೆ 20-30 ಸಲ ಬರುತ್ತದೆ. ಅಮ್ಮನ ಮೊದಲ ಜೊತೆ ಒಂದು ವಾರಕ್ಕೇ ಸತ್ತಿತು. ಪ್ಯಾಡಿನ ಒಂದು ಮೂಲೆ ಎದ್ದುನಿಂತಿತ್ತು, ಉಳಿದ ಅಂಚಿನಲ್ಲಿ ಚುರ್ ಚುರ್ ಎಂದು ಸೂಜಿ ಚುಚ್ಚಿದಂತೆ. "ಏನೋ ಇದು, ಕಡಜ ಕಡಿದ ಹಾಗೆ ಆಗ್ತದೆ" ಅಂದಳು. ನಾನು ಮಷೀನು ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಫೋನು ಮಾಡಿ ಒಂದಿಷ್ಟು ಕೂಗಾಡಿಯೂ ಆಯಿತು. ಪ್ಯಾಡನ್ನು ಮೂಗಿನ ಹತ್ತಿರ ಹಿಡಿದಾಗ ಘಮ್ಮೆಂದದ್ದು ಮಹಾನಾರಾಯಣ ತೈಲ. ಬೆಳಗ್ಗೆ ಮಂಡಿಗೆ ಎಣ್ಣೆ ತೀಡಿ, ಸೀರೆಯ ಅಂಚಲ್ಲಿ ಒರೆಸಿ, ಅದರ ಮೇಲೇ ಪ್ಯಾಡು. ಎಣ್ಣೆಯ ಮೇಲೆ ಜೆಲ್ ಹಿಡಿಯುವುದಿಲ್ಲ, ಹಿಡಿದಷ್ಟು ಜಾಗದಲ್ಲೇ ಎಲ್ಲ ಕರೆಂಟೂ ನುಗ್ಗುತ್ತದೆ. ನೋವಿನ ಮುಲಾಮು, ಬಾಮುಗಳೂ ಹಾಗೇ, ಮೇಲಾಗಿ ಚರ್ಮ ಉರಿಯುತ್ತದೆ. ಈಗ ಸೋಪು ಹಾಕಿ ತೊಳೆದು, ಒಣಗಿಸಿ, ಪ್ಯಾಡು, ಎಣ್ಣೆ ರಾತ್ರಿಗೆ.

ಪ್ಯಾಡು ಒಣಗಿದರೆ ಬೆರಳ ತುದಿಯಲ್ಲಿ ಎರಡು ಹನಿ ನೀರು ಸವರಿ, ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ, ಜಿಪ್ ಕವರಿನಲ್ಲಿಡಿ. ಕೊಳ್ಳುವ ಮೊದಲು ವೈರಿನ ತುದಿ ನೋಡಿ. 2 ಮಿಲಿಮೀಟರ್ ಪಿನ್ನೋ ಮಾಮೂಲಿ ಗುಂಡಿಯೋ ಆದರೆ ಯಾರ ಪ್ಯಾಡಾದರೂ ಹೊಂದುತ್ತದೆ, ನಾಲ್ಕರ ಜೊತೆ ಕೆಲವು ನೂರು ರೂಪಾಯಿ. ಆ ಕಂಪನಿಗೇ ಮೀಸಲಾದ ಆಕಾರದ್ದಾದರೆ ಅವರು ಹೇಳಿದ್ದೇ ದರ, ಅವರ ಹತ್ತಿರ ಮುಗಿದರೆ ನಿಮ್ಮ ಹತ್ತಿರವೂ ಮುಗಿಯಿತು.

ಜೋರು ಎಷ್ಟಿರಬೇಕು ಎಂದರೆ, "ಜೋರಾಗಿದೆ, ಆದರೆ ನೋಯುತ್ತಿಲ್ಲ" ಅನ್ನುವಷ್ಟು. ಹತ್ತು ನಿಮಿಷಕ್ಕೆ ಮೈ ಒಗ್ಗಿಕೊಂಡು ಮಂದವಾಗುತ್ತದೆ, ಆಗ ಇನ್ನೊಂದು ಮೆಟ್ಟಿಲು. ದಿನವೂ ಒಂದೇ ಬಗೆ, ಒಂದೇ ಜೋರು ಇಟ್ಟರೆ ನಾಲ್ಕೈದು ದಿನದಲ್ಲೇ ಪರಿಣಾಮ ಕುಗ್ಗಬಹುದು. ವೇಗದ್ದನ್ನೂ ನಿಧಾನದ್ದನ್ನೂ ಅದಲುಬದಲು ಮಾಡಿ. ಪ್ಯಾಡು ಕೀಳುವ ಮೊದಲು ಸಾಧನ ಆರಿಸಿ.

ಯಾರು ಮುಟ್ಟಲೇಬಾರದು

ಪೇಸ್‌ಮೇಕರ್, ಐಸಿಡಿ (ಬಡಿತ ತಪ್ಪಿದರೆ ಹೃದಯಕ್ಕೆ ಶಾಕ್ ಕೊಡಲು ಮೈಯೊಳಗೆ ಕೂರಿಸಿದ ಸಾಧನ) ಇದ್ದವರು ಹೃದಯದ ಡಾಕ್ಟರನ್ನು ಕೇಳದೆ ಯಾವ ಸಾಧನವನ್ನೂ ಮುಟ್ಟುವಂತಿಲ್ಲ. ಕತ್ತಿನ ಮುಂಭಾಗಕ್ಕೆ ಯಾರೂ ಅಂಟಿಸಬಾರದು. ರಕ್ತದೊತ್ತಡ ಕುಸಿಯಬಹುದು, ಗಂಟಲು ಬಿಗಿಯಬಹುದು. ಕತ್ತು ನೋವೆಂದರೆ ಹಿಂಭಾಗ, ಹೆಗಲು, ಅಷ್ಟೇ. ಎದೆಗೆ, ಕಣ್ಣಿಗೆ, ಗಾಯದ ಮೇಲೆ, ಕ್ಯಾನ್ಸರ್ ಇರುವ ಜಾಗಕ್ಕೆ, ರಕ್ತ ಹೆಪ್ಪುಗಟ್ಟಿದ ಕಾಲಿಗೆ ಬೇಡ. ಮೂರ್ಛೆ ರೋಗವಿದ್ದರೆ ತಲೆ, ಕತ್ತಿನ ಸುತ್ತ ಬೇಡ. ಸ್ನಾನ ಮಾಡುವಾಗ, ಗಾಡಿ ಓಡಿಸುವಾಗ, ನಿದ್ದೆ ಮಾಡುವಾಗ ಬೇಡ.

ನಮ್ಮ ಮನೆಗಳಲ್ಲಿ ಹೆಚ್ಚು ಕಾಡುವುದು ಸಕ್ಕರೆ ಕಾಯಿಲೆ. ಪಾದ ಜೋಮು ಹಿಡಿದವರಿಗೆ ಕರೆಂಟು ಎಷ್ಟು ಜೋರಿದೆ ಎಂದೇ ತಿಳಿಯುವುದಿಲ್ಲ, ಗೊತ್ತಾಗಲಿಲ್ಲ ಎಂದು ಏರಿಸುತ್ತ ಹೋಗಿ ಚರ್ಮ ಸುಟ್ಟುಕೊಳ್ಳಬಹುದು. ಅಂಟಿಸುವ ಜಾಗಕ್ಕೆ ಕಣ್ಣು ಮುಚ್ಚಿಸಿ ಪಿನ್ನಿನ ತುದಿ ಒಮ್ಮೆ, ಬೆರಳ ತುದಿ ಒಮ್ಮೆ ಮೆಲ್ಲಗೆ ಮುಟ್ಟಿಸಿ ಯಾವುದು ಯಾವುದೆಂದು ಕೇಳಿ. ತಪ್ಪು ಹೇಳಿದರೆ ಆ ಜಾಗ ಬಿಡಿ.

ಮತ್ತೆ, ನೋವು ಯಾತಕ್ಕೆ ಎಂದು ಗೊತ್ತಿಲ್ಲದೆ ಅದನ್ನು ಅಡಗಿಸಬಾರದು. ಸೊಂಟ ನೋವಿನ ಜೊತೆ ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದರೆ ಟೆನ್ಸ್ ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಕೊಳ್ಳುವ ದಿನ

ಇಂಥ ಉಪಕರಣಗಳಿಗೆ ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮದಡಿ 2022ರ ಅಕ್ಟೋಬರಿನಿಂದ ಲೈಸೆನ್ಸ್ ಕಡ್ಡಾಯವಾಗುತ್ತ ಬಂದಿದೆ. ಡಬ್ಬದ ಮೇಲೆ ತಯಾರಿಕೆಯ ಅಥವಾ ಆಮದಿನ ಲೈಸೆನ್ಸ್ ಸಂಖ್ಯೆ, ತಯಾರಕರ ವಿಳಾಸ ಇದೆಯೇ ನೋಡಿ. ಆನ್‌ಲೈನ್ ಫೋಟೋಗಳಲ್ಲಿ ಡಬ್ಬದ ಹಿಂಭಾಗ ತೋರಿಸದವರ ಹತ್ತಿರ ನಾನು ಕೊಳ್ಳುವುದಿಲ್ಲ. ಸಾಧ್ಯವಾದರೆ ಫಿಸಿಯೋ ಹತ್ತಿರ ಅವರ ಟೆನ್ಸನ್ನೇ ಹಾಕಿಸಿಕೊಂಡು, ಮಲಗದೆ, ಅಲ್ಲೇ ನಾಲ್ಕು ಮೆಟ್ಟಿಲು ಹತ್ತಿ ಇಳಿದು ನೋಡಿ. ಹತ್ತುವಾಗಿನ ನೋವಿಗೆ ಹತ್ತರಲ್ಲಿ ಅಂಕ ಕೊಡಿ, ಹಾಕುವ ಮೊದಲು ಒಂದು, ಹಾಕಿದ ಮೇಲೆ ಒಂದು. ಎರಡು ಅಂಕವಾದರೂ ಇಳಿಯದಿದ್ದರೆ ಎರಡು ಸಾವಿರದ್ದನ್ನೂ ಕೊಳ್ಳಬೇಡಿ, ಇಪ್ಪತ್ತು ಸಾವಿರದ್ದನ್ನಂತೂ ಬೇಡವೇ ಬೇಡ. ಪ್ಯಾಡಿನ ಕವರು ಒಡೆದ ಮೇಲೆ ಸಾಮಾನ್ಯವಾಗಿ ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ, ಅದನ್ನು ಬಿಲ್ ಮಾಡಿಸುವ ಮೊದಲೇ ಕೇಳಿಕೊಳ್ಳಿ.